ನೋಡುತ್ತ ಕುಳಿತವರ ಪಾಲು
(ವಿದ್ಯಾರ್ಥಿಗಳಿಗೂ ಪಾಲಕರಿಗೂ ಒಂದು ಪಾಠ)

ಶಾಲಾ ಕಾಲೇಜುಗಳ ಹೊಸ ವರ್ಷ ಆರಂಭವಾಗುವಾಗ ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಹೇಳುವ ಬುದ್ಧಿಮಾತುಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿರುತ್ತವೆ. ಸಂಧ್ಯಾವಂದನೆಯನ್ನು ಬಿಡಬೇಡ, ಹೊತ್ತಿಗೆ ಸರಿಯಾಗಿ ಊಟಮಾಡು, ಶ್ರದ್ಧೆಯಿಂದ ಓದು, ಕೆಟ್ಟವರ ಸಹವಾಸ ಮಾಡಬೇಡ. ಊರು ಬಿಟ್ಟು ವಿದ್ಯಾರ್ಥಿನಿಲಯಕ್ಕೆ ಹೊರಟ ಮಗನಿಗೂ ಮಗಳಿಗೂ ಈ ನಾಲ್ಕು ಮಾತುಗಳನ್ನು ಹೇಳಿ, ದೇವರ ಮುಂದೆ ನಮಸ್ಕಾರ ಮಾಡಿಸಿ, ಮಂತ್ರಾಕ್ಷತೆಯನ್ನು ಕೊಟ್ಟು ಕಳುಹಿಸುತ್ತೇವೆ. ಮಾತುಗಳೆಲ್ಲ ಯೋಗ್ಯವಾದವುಗಳೇ. ಆದರೆ ಕೊನೆಯ ಮಾತಿನಲ್ಲಿ ಒಂದು ತೊಡಕಿದೆ. ಕೆಟ್ಟವರು ಯಾರೆಂಬುದು ಅವರ ಹಣೆಯ ಮೇಲೆ ಬರೆದಿರುವುದಿಲ್ಲ. ದಿನವೂ ಜೊತೆಯಲ್ಲಿ ಕುಳಿತು ಓದುವ, ಜ್ವರ ಬಂದಾಗ ಗಂಜಿ ತಂದುಕೊಡುವ ಒಳ್ಳೆಯ ಗೆಳೆಯರೇ ಒಂದು ಸಂಜೆ ಗುಂಪುಗೂಡಿ ಹೊಸದಾಗಿ ಬಂದ ಬಡ ಹುಡುಗನೊಬ್ಬನನ್ನು ಗೋಳುಹೊಯ್ದುಕೊಳ್ಳುತ್ತಾರೆ. ಆಗ ನಮ್ಮ ಮಗು ಏನು ಮಾಡಬೇಕು? ತಾನು ಆ ಹುಡುಗನನ್ನು ಮುಟ್ಟಲಿಲ್ಲ, ಬೈಯಲಿಲ್ಲ. ಸುಮ್ಮನೆ ನೋಡುತ್ತ ಕುಳಿತಿತ್ತು. ಅಷ್ಟು ಸಾಕೇ?

ಈ ಪ್ರಶ್ನೆಗೆ ನಮ್ಮ ಇತಿಹಾಸ ಪುರಾಣಗಳು ಸ್ಪಷ್ಟವಾದ ಉತ್ತರವನ್ನು ಕೊಟ್ಟಿವೆ. ಆ ಉತ್ತರವನ್ನು ಮಕ್ಕಳಿಗೆ ಹೇಗೆ ಕಲಿಸಬಹುದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಸಭಾಪರ್ವದ ಪ್ರಶ್ನೆ

ಮಹಾಭಾರತದ ದ್ಯೂತಪ್ರಸಂಗವನ್ನು ಅರಿಯದವರಿಲ್ಲ. ಧರ್ಮರಾಜನು ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಸೋತು, ಕೊನೆಗೆ ದ್ರೌಪದಿಯನ್ನು ಪಣವಾಗಿ ಒಡ್ಡಿ ಸೋತನು. ಕರೆತರಲು ಬಂದ ಪ್ರಾತಿಕಾಮಿಯ ಮೂಲಕ ದ್ರೌಪದಿಯು ಸಭೆಗೆ ಒಂದು ಪ್ರಶ್ನೆಯನ್ನು ಕಳುಹಿಸಿದಳು: ಅರಸನು ಮೊದಲು ತನ್ನನ್ನು ಸೋತನೋ, ಅಥವಾ ನನ್ನನ್ನು ಸೋತನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣವಾಗಿ ಒಡ್ಡುವ ಅಧಿಕಾರ ಎಲ್ಲಿಯದು ಎಂಬುದು ಆ ಪ್ರಶ್ನೆಯ ಹೃದಯ. ಸಭೆಯಲ್ಲಿ ಭೀಷ್ಮರಿದ್ದರು, ದ್ರೋಣರಿದ್ದರು, ಕೃಪರಿದ್ದರು, ನಾನಾ ದೇಶಗಳ ಅರಸರಿದ್ದರು. ಧರ್ಮವು ಸೂಕ್ಷ್ಮವಾದುದು, ಇದಮಿತ್ಥಂ ಎಂದು ಹೇಳಲಾರೆವೆಂದು ಭೀಷ್ಮರು ನುಡಿದರು. ಉಳಿದವರು ತಲೆತಗ್ಗಿಸಿದರು.

ಆಗ ಎದ್ದು ನಿಂತವನು ವಿಕರ್ಣ. ಅವನು ದುರ್ಯೋಧನನ ತಮ್ಮ, ವಯಸ್ಸಿನಲ್ಲಿ ಸಭೆಯ ಹಿರಿಯರೆದುರು ಬಾಲಕನೆನ್ನಬಹುದಾದವನು. ಪ್ರಶ್ನೆಗೆ ಉತ್ತರ ಕೊಡಿರೆಂದು ಅವನು ಹಿರಿಯರನ್ನು ಮತ್ತೆ ಮತ್ತೆ ಬೇಡಿದನು. ಯಾರೂ ಬಾಯಿಬಿಡದಿರಲು ತಾನೇ ಉತ್ತರಿಸಿದನು. ಬೇಟೆ, ಮದ್ಯಪಾನ, ಜೂಜು, ಸ್ತ್ರೀಲಂಪಟತೆ ಈ ನಾಲ್ಕೂ ಅರಸರಿಗೆ ವ್ಯಸನಗಳು. ವ್ಯಸನದಲ್ಲಿ ಮುಳುಗಿದವನು ಮಾಡಿದ ಕಾರ್ಯವನ್ನು ಲೋಕವು ಪ್ರಮಾಣವೆಂದು ಗಣಿಸುವುದಿಲ್ಲ. ದ್ರೌಪದಿಯು ಐವರಿಗೂ ಪತ್ನಿ; ಒಬ್ಬನೇ ಅವಳನ್ನು ಪಣವಾಗಿ ಒಡ್ಡಲಾಗದು. ಅದಕ್ಕೂ ಮೊದಲೇ ಧರ್ಮರಾಜನು ತನ್ನನ್ನು ಸೋತಿದ್ದನು. ಅವಳನ್ನು ಪಣವಾಗಿ ಒಡ್ಡುವಂತೆ ಸೂಚಿಸಿದವನು ಶಕುನಿಯೇ. ಆದುದರಿಂದ ದ್ರೌಪದಿಯು ಸೋಲಲ್ಪಟ್ಟಿಲ್ಲವೆಂದು ವಿಕರ್ಣನು ಕಾರಣಗಳನ್ನು ಒಂದೊಂದಾಗಿ ಎಣಿಸಿ ಹೇಳಿದನು.

ಈ ಮಾತಿಗೆ ಸಭೆಯಲ್ಲಿ ಮೆಚ್ಚುಗೆಯ ದೊಡ್ಡ ಕೋಲಾಹಲವೆದ್ದಿತೆಂದು ಭಾರತವು ಹೇಳುತ್ತದೆ. ಪಾಠ ಹೇಳುವವರು ಈ ಸಂಗತಿಯನ್ನು ಬಿಡದೆ ಹೇಳಬೇಕು. ಸಭಾಸದರಿಗೆ ಅನ್ಯಾಯವು ತಿಳಿದಿರಲಿಲ್ಲವೆಂದಲ್ಲ. ಒಬ್ಬ ಹುಡುಗನು ಬಾಯಿಬಿಡುವ ವರೆಗೆ ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು. ಆದರೆ ಆ ಮೆಚ್ಚುಗೆ ಬಹಳ ಹೊತ್ತು ನಿಲ್ಲಲಿಲ್ಲ. ನೀನು ಬಾಲಕ, ವೃದ್ಧನಂತೆ ಮಾತನಾಡುತ್ತೀಯೆ ಎಂದು ಕರ್ಣನು ಗದರಿಸಿದನು. ಮೆಚ್ಚಿದವರಲ್ಲಿ ಒಬ್ಬನಾದರೂ ಎದ್ದುಬಂದು ವಿಕರ್ಣನ ಪಕ್ಕದಲ್ಲಿ ನಿಲ್ಲಲಿಲ್ಲ. ಸಭೆಯು ಪುನಃ ಮೌನವಾಯಿತು. ಮುಂದೆ ನಡೆದುದು ಎಲ್ಲರಿಗೂ ತಿಳಿದದ್ದೇ. ದ್ರೌಪದಿಯ ಮಾನವನ್ನು ಕಾಯ್ದವನು ಶ್ರೀಕೃಷ್ಣಪರಮಾತ್ಮನೇ ಹೊರತು ಆ ಸಭೆಯಲ್ಲ.

ಕಶ್ಯಪರು ಹೇಳಿದ ಲೆಕ್ಕ

ಇದೇ ಸಂದರ್ಭದಲ್ಲಿ ವಿದುರನು ಎದ್ದು, ವಿಕರ್ಣನು ತನ್ನ ಬುದ್ಧಿಗೆ ತೋರಿದಂತೆ ಉತ್ತರವನ್ನು ಹೇಳಿದ್ದಾನೆ, ನೀವೂ ನಿಮಗೆ ತೋರಿದುದನ್ನು ಹೇಳಿರೆಂದು ಸಭೆಯನ್ನು ಎಚ್ಚರಿಸಿ, ಒಂದು ಪ್ರಾಚೀನ ಕಥೆಯನ್ನು ಹೇಳಿದನು. ಅದು ನಮ್ಮೆಲ್ಲರಿಗೂ ಪ್ರಿಯನಾದ ಪ್ರಹ್ಲಾದರಾಜರ ಕಥೆ.

ಪ್ರಹ್ಲಾದನ ಮಗ ವಿರೋಚನನಿಗೂ ಅಂಗಿರಸರ ಮಗ ಸುಧನ್ವನಿಗೂ ತಮ್ಮಿಬ್ಬರಲ್ಲಿ ಶ್ರೇಷ್ಠರು ಯಾರೆಂಬ ವಿವಾದವು ಹುಟ್ಟಿತು. ಇಬ್ಬರೂ ತಮ್ಮ ಪ್ರಾಣಗಳನ್ನೇ ಪಣವಾಗಿ ಒಡ್ಡಿ, ನಿರ್ಣಯಕ್ಕಾಗಿ ಪ್ರಹ್ಲಾದನಲ್ಲಿಗೆ ಬಂದರು. ಸತ್ಯವನ್ನು ಹೇಳಿದರೆ ಮಗನ ಪ್ರಾಣ ಹೋಗುವುದು. ಮೌನವಾಗಿರಬಹುದೇ? ತಿಳಿದೂ ಉತ್ತರ ಹೇಳದವನಿಗೆ, ಅಥವಾ ಸುಳ್ಳು ಹೇಳುವವನಿಗೆ ಏನು ಗತಿಯೆಂದು ಪ್ರಹ್ಲಾದನು ಕಶ್ಯಪರನ್ನು ಕೇಳಿದನು. ತಿಳಿದೂ ಉತ್ತರ ಹೇಳದವನು ವರುಣನ ಸಾವಿರ ಪಾಶಗಳಿಂದ ತನ್ನನ್ನು ತಾನೇ ಬಿಗಿದುಕೊಳ್ಳುತ್ತಾನೆ, ವರ್ಷವೊಂದು ತುಂಬಿದಾಗ ಅವುಗಳಲ್ಲಿ ಒಂದು ಪಾಶ ಮಾತ್ರ ಕಳಚುತ್ತದೆ ಎಂಬುದು ಅವರ ಉತ್ತರ. ಮುಂದೆ ಅವರು ಸಭೆಯಲ್ಲಿ ನಡೆದ ಅಧರ್ಮದ ಪಾಪವನ್ನು ಪಾಲು ಹಂಚಿ ತೋರಿಸಿದರು. ನಿಂದಿಸಬೇಕಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧಭಾಗವು ಸಭೆಗೆ ಹಿರಿಯನಾದವನಿಗೆ, ಕಾಲುಭಾಗವು ಮಾಡಿದವನಿಗೆ, ಉಳಿದ ಕಾಲುಭಾಗವು ಸುಮ್ಮನೆ ಕುಳಿತ ಸಭಾಸದರಿಗೆ. ನಿಂದ್ಯವಾದುದನ್ನು ನಿಂದಿಸಿದಲ್ಲಿ ಮಾತ್ರ ಹಿರಿಯನೂ ಸಭಾಸದರೂ ಬಿಡುಗಡೆ ಹೊಂದುತ್ತಾರೆ. ಪಾಪವು ಮಾಡಿದವನನ್ನೇ ಸೇರುತ್ತದೆ.

ಪ್ರಹ್ಲಾದನು ಹಿಂಜರಿಯಲಿಲ್ಲ. ಸುಧನ್ವನು ನಿನಗಿಂತ ಶ್ರೇಷ್ಠ, ಅವನ ತಂದೆ ನನಗಿಂತ ಶ್ರೇಷ್ಠ, ಅವನ ತಾಯಿ ನಿನ್ನ ತಾಯಿಗಿಂತ ಶ್ರೇಷ್ಠಳು ಎಂದು ಮಗನಿಗೆ ಹೇಳಿದನು. ಪುತ್ರಸ್ನೇಹವನ್ನು ಬದಿಗಿಟ್ಟು ಧರ್ಮದಲ್ಲಿ ನಿಂತ ಆ ತಂದೆಯನ್ನು ಕಂಡು ಸಂತುಷ್ಟನಾದ ಸುಧನ್ವನು ವಿರೋಚನನನ್ನು ಜೀವಸಹಿತ ಬಿಟ್ಟನು.

ಈ ಲೆಕ್ಕದಲ್ಲಿ ವಾಚಕರು ಗಮನಿಸಬೇಕಾದ ವಿಷಯಗಳು ಎರಡು. ಮೊದಲನೆಯದು, ಮಾಡಿದವನ ಪಾಲಿಗೂ ನೋಡುತ್ತ ಕುಳಿತವರ ಪಾಲಿಗೂ ಕಶ್ಯಪರು ಒಂದೇ ಅಳತೆಯನ್ನು ಇಟ್ಟಿದ್ದಾರೆ. ಎರಡನೆಯದು, ಅತ್ಯಂತ ದೊಡ್ಡ ಪಾಲು ಹುಡುಗರದಲ್ಲ, ಹಿರಿಯನದು. ತರಗತಿಯಲ್ಲಿ ಉಪಾಧ್ಯಾಯರು, ನಿಲಯದಲ್ಲಿ ಮೇಲ್ವಿಚಾರಕರು, ಮನೆಯಲ್ಲಿ ತಂದೆತಾಯಿಗಳು ಆ ಸ್ಥಾನದಲ್ಲಿರುವವರು. ಮಕ್ಕಳಿಗೆ ಈ ಪಾಠವನ್ನು ಹೇಳುವ ಮುನ್ನ ನಾವು ನಮ್ಮ ಪಾಲನ್ನು ನೆನೆಯುವುದು ಉಚಿತ.

ಇಂದಿನ ಕಾನೂನಿನಲ್ಲಿಯೂ ಇದರ ಛಾಯೆ ಇದೆ. ವಿದ್ಯಾರ್ಥಿನಿಲಯಗಳಲ್ಲಿ ಹೊಸಬರನ್ನು ಪೀಡಿಸುವ ‘ರ್‍ಯಾಗಿಂಗ್’ ಎಂಬ ದುಷ್ಟ ಪದ್ಧತಿಯನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೦೯ರಲ್ಲಿ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಪೀಡಿಸಿದವರು ಮಾತ್ರವಲ್ಲ, ಅದಕ್ಕೆ ಕುಮ್ಮಕ್ಕು ಕೊಟ್ಟವರೂ ಅಪರಾಧಿಗಳು. ಮಾಡಿದವರು ಯಾರೆಂದು ಗೊತ್ತಾಗದಿದ್ದಲ್ಲಿ ಸಾಮೂಹಿಕ ಶಿಕ್ಷೆಗೂ ಅಲ್ಲಿ ಅವಕಾಶವಿದೆ. ಮೌನವು ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ ಎಂಬ ಮಾತು ಇಲ್ಲಿಯೂ ನಿಜವಾಗಿದೆ.

ಒಬ್ಬನ ಜೊತೆಗೆ ಇನ್ನೊಬ್ಬ

ಒಳ್ಳೆಯ ಮಕ್ಕಳೂ ಏಕೆ ಸುಮ್ಮನಿರುತ್ತಾರೆ? ಹೇಡಿತನವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಸಾಲೊಮನ್ ಆಶ್ ಎಂಬ ವಿದ್ವಾಂಸರು ೧೯೫೦ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಕೆಲವು ಗೆರೆಗಳನ್ನು ತೋರಿಸಿ, ಕೊಟ್ಟ ಗೆರೆಗೆ ಸಮನಾದುದು ಯಾವುದೆಂದು ಕೇಳಿದರು. ಉತ್ತರವು ಕಣ್ಣಿಗೆ ಕಾಣುವಷ್ಟು ಸುಲಭವಾಗಿದ್ದಿತು. ಆದರೆ ಒಬ್ಬನ ಹೊರತು ಉಳಿದವರೆಲ್ಲರೂ ಮೊದಲೇ ಮಾಡಿಕೊಂಡ ಏರ್ಪಾಡಿನಂತೆ ತಪ್ಪು ಉತ್ತರವನ್ನೇ ಹೇಳುತ್ತಿದ್ದರು. ಹೀಗೆ ಪರೀಕ್ಷೆಗೊಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರು ಒಮ್ಮೆಯಾದರೂ ಗುಂಪಿನ ತಪ್ಪು ಉತ್ತರವನ್ನೇ ತಾವೂ ಹೇಳಿದರು. ಆದರೆ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬನು ಸರಿಯಾದ ಉತ್ತರವನ್ನು ಹೇಳುವಂತೆ ಮಾಡಿದಾಗ, ಹೀಗೆ ಗುಂಪಿಗೆ ಮಣಿಯುವುದು ಕಾಲುಭಾಗಕ್ಕೆ ಇಳಿಯಿತು.

ಇನ್ನೊಂದು ಪರೀಕ್ಷೆಯನ್ನು ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬವರು ೧೯೬೮ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತ ವಿದ್ಯಾರ್ಥಿಗಳು ಯಂತ್ರದ ಮೂಲಕ ಮಾತನಾಡುತ್ತಿರುವಾಗ ಅವರಲ್ಲೊಬ್ಬನಿಗೆ ಅಪಸ್ಮಾರ ಬಂದಂತೆ ಧ್ವನಿಯನ್ನು ಕೇಳಿಸಲಾಯಿತು. ಅದನ್ನು ತಾನೊಬ್ಬನೇ ಕೇಳುತ್ತಿದ್ದೇನೆಂದು ತಿಳಿದವರಲ್ಲಿ ನೂರಕ್ಕೆ ೮೫ ಮಂದಿ ಆ ಧ್ವನಿ ನಿಲ್ಲುವುದರೊಳಗೆ ಎದ್ದುಹೋಗಿ ಸುದ್ದಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ತಿಳಿದವರಲ್ಲಿ ಹಾಗೆ ಮಾಡಿದವರು ೩೧ ಮಂದಿ ಮಾತ್ರ. ಏಳದೆ ಕುಳಿತವರು ಕಲ್ಲೆದೆಯವರೇನೂ ಆಗಿರಲಿಲ್ಲ. ಅನೇಕರ ಕೈಗಳು ನಡುಗುತ್ತಿದ್ದವು. ಬೇರೆ ಯಾರಾದರೂ ಹೋಗಿಯೇ ಇರುತ್ತಾರೆಂಬ ಭಾವನೆ ಅವರನ್ನು ಕಟ್ಟಿಹಾಕಿತ್ತು.

ಈ ಎರಡು ಪರೀಕ್ಷೆಗಳನ್ನು ವಿಕರ್ಣನ ಪ್ರಸಂಗದ ಜೊತೆಗಿಟ್ಟು ನೋಡಿದರೆ ಕಲಿಸಬೇಕಾದುದು ಏನೆಂಬುದು ತಾನೇ ತೋರುತ್ತದೆ. ಮೊದಲಿಗನಾಗಿ ಮಾತನಾಡುವ ಧೈರ್ಯ ಎಲ್ಲ ಮಕ್ಕಳಿಗೂ ಇರಲಾರದು. ಆದರೆ ಎರಡನೆಯವನಾಗುವುದು ಅಷ್ಟು ಕಷ್ಟವಲ್ಲ. ಸಭೆಯಲ್ಲಿ ಮೆಚ್ಚಿ ಕೂಗಿದವರಲ್ಲಿ ಇಬ್ಬರು ಎದ್ದು ನಿಂತಿದ್ದರೆ ಕರ್ಣನ ಗದರಿಕೆಗೆ ಅಷ್ಟು ಬಲ ಬರುತ್ತಿರಲಿಲ್ಲ. “ಅವನು ಹೇಳಿದ್ದು ಸರಿ” ಎಂಬ ಮೂರು ಶಬ್ದಗಳನ್ನು ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕು.

ವಿಕರ್ಣನ ಕಥೆಯ ಕೊನೆಯನ್ನೂ ಮರೆಮಾಚಬಾರದು. ಅಂದು ನ್ಯಾಯವನ್ನು ನುಡಿದವನು ಮುಂದೆ ಯುದ್ಧದಲ್ಲಿ ಅಣ್ಣನ ಪಕ್ಷದಲ್ಲಿಯೇ ನಿಂತು ಭೀಮಸೇನನ ಕೈಯಿಂದ ಮಡಿದನು. ಒಮ್ಮೆ ಒಳ್ಳೆಯ ಮಾತನ್ನಾಡಿದರೆ ಕರ್ತವ್ಯ ಮುಗಿಯುವುದಿಲ್ಲ. ಎಲ್ಲಿ ನಿಲ್ಲುತ್ತೇವೆ, ಯಾರ ಜೊತೆ ನಡೆಯುತ್ತೇವೆ ಎಂಬುದನ್ನು ದಿನದಿನವೂ ಆರಿಸಿಕೊಳ್ಳಬೇಕಾಗುತ್ತದೆ. ಕರ್ಣನದೂ ಇದೇ ಪಾಠ. ಅಂಗರಾಜ್ಯವನ್ನು ಕೊಟ್ಟ ಸ್ನೇಹಿತನ ಋಣವನ್ನು ಅವನು ಮರೆಯಲಿಲ್ಲ, ಅದು ಗುಣವೇ. ಆದರೆ ಸ್ನೇಹಿತನನ್ನು ತಪ್ಪುದಾರಿಯಿಂದ ಎಳೆದು ತರುವುದೇ ಆ ಋಣವನ್ನು ತೀರಿಸುವ ಮಾರ್ಗವೆಂದು ಅವನಿಗೆ ತೋರಲಿಲ್ಲ. ಗೆಳೆಯನ ಗುಟ್ಟನ್ನು ಕಾಯುತ್ತೇನೆಂದು ಅವನ ಕೆಟ್ಟ ಚಟವನ್ನೂ ಕಾಯುವ ಹುಡುಗರು ಕರ್ಣನನ್ನು ನೆನೆಯಬೇಕು.

ಪ್ರಹ್ಲಾದನು ಬೇಡವೆಂದ ರೀತಿ

ಒಲ್ಲೆನೆನ್ನುವುದಕ್ಕೂ ಒಂದು ಕ್ರಮವಿದೆ. ಭಾಗವತದ ಸಪ್ತಮಸ್ಕಂಧದಲ್ಲಿ ಶಂಡಾಮರ್ಕರ ಪಾಠಶಾಲೆಯ ಚಿತ್ರವಿದೆ. ಗುರುಗಳು ಮನೆಗೆಲಸಕ್ಕೆಂದು ಹೋದಾಗ ಸಮವಯಸ್ಕರಾದ ದೈತ್ಯಬಾಲಕರು ಪ್ರಹ್ಲಾದನನ್ನು ಆಟಕ್ಕೆ ಕರೆದರು. ಅವನು ಅವರನ್ನು ಹೀಯಾಳಿಸಲಿಲ್ಲ. ನೀವು ದೈತ್ಯರು, ನಾನು ಭಕ್ತನೆಂದು ದೂರ ಸರಿಯಲೂ ಇಲ್ಲ. ನಗುತ್ತ, ಮಧುರವಾದ ಮಾತುಗಳಿಂದ, ಕರುಣೆಯಿಂದ ಅವರೊಡನೆ ಮಾತನಾಡಿದನು. ಅವನ ಮೇಲಿನ ಗೌರವದಿಂದ ಆ ಬಾಲಕರು ಆಟದ ಸಾಮಾನುಗಳನ್ನು ಬಿಟ್ಟು ಅವನ ಸುತ್ತಲೂ ಕುಳಿತರು. ಗೌರವವು ಮೊದಲೇ ಇದ್ದುದರಿಂದ ಮಾತು ನಾಟಿತು. ದಿನವೂ ಜೊತೆಯವರೊಡನೆ ಸ್ನೇಹದಿಂದ ಇರುವವನ ನಿರಾಕರಣೆಗೆ ಬೆಲೆಯಿದೆ. ಸದಾ ಮೂಗು ಮುರಿಯುವವನ ಉಪದೇಶವನ್ನು ಯಾರೂ ಕೇಳರು.

ನಮ್ಮ ಶ್ರೀಮದಾಚಾರ್ಯರ ಬಾಲ್ಯವೂ ಇದಕ್ಕೆ ಸಾಕ್ಷಿ. ಓಟ, ಜಿಗಿತ, ಈಜು ಮುಂತಾದ ಆಟಗಳಲ್ಲಿ ಬಾಲಕ ವಾಸುದೇವನು ಸಹಪಾಠಿಗಳೊಡನೆ ಬೆರೆಯುತ್ತಿದ್ದುದನ್ನು ಸುಮಧ್ವವಿಜಯವು ವರ್ಣಿಸಿದೆ. ತಂದೆಯವರು ಪುರಾಣ ಹೇಳುವಾಗ ವೃಕ್ಷಗಳ ಹೆಸರುಗಳ ನಡುವೆ ಒಂದು ಶಬ್ದದ ಅರ್ಥವನ್ನು ಬಿಟ್ಟುದನ್ನು ಆ ಬಾಲಕನು ಸಭೆಯಲ್ಲಿ ಕೇಳಿದ ಪ್ರಸಂಗವೂ ಅಲ್ಲಿದೆ. ಹಿರಿಯರ ಎದುರಿಗೆ ವಿನಯದಿಂದ ಪ್ರಶ್ನೆ ಕೇಳುವುದು ಅವಿನಯವಲ್ಲವೆಂಬುದನ್ನು ಮಕ್ಕಳು ಇದರಿಂದ ತಿಳಿಯಬೇಕು. ಕೇಳಿದಾಗ ಸಿಡುಕಬಾರದೆಂಬುದನ್ನು ಹಿರಿಯರು ತಿಳಿಯಬೇಕು.

ಕಲಿಸುವ ಕ್ರಮ

೧. ಕಥೆಯನ್ನು ನಿರ್ಣಯದ ಕ್ಷಣದಲ್ಲಿ ನಿಲ್ಲಿಸಿರಿ. ದ್ರೌಪದಿಯ ಪ್ರಶ್ನೆ ಬಂದೊಡನೆ, “ನೀನು ಅಲ್ಲಿ ಕುಳಿತಿದ್ದರೆ ಏನು ಮಾಡುತ್ತಿದ್ದೆ?” ಎಂದು ಮಗುವನ್ನು ಕೇಳಿರಿ. ಬಂದ ಉತ್ತರವನ್ನು ತಿದ್ದುವ ಅವಸರ ಬೇಡ. “ನನಗೆ ಹೆದರಿಕೆ ಆಗ್ತಿತ್ತು” ಎಂದರೆ ಅದೂ ಪ್ರಾಮಾಣಿಕವಾದ ಉತ್ತರವೇ. ಪಾಠವು ಅಲ್ಲಿಂದಲೇ ಆರಂಭವಾಗಬಹುದು.

೨. ಆಡಬೇಕಾದ ಮಾತನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಸಿರಿ. ಕಷ್ಟದ ಸಮಯದಲ್ಲಿ ಹೊಸ ಮಾತು ಹೊಳೆಯುವುದಿಲ್ಲ. “ಸಾಕು ಬಿಡ್ರೋ, ಅವನಿಗೆ ನೋವಾಗಿದೆ”, “ನನಗೆ ಇದು ಬೇಡ, ನೀವೂ ಬನ್ನಿ, ಹೋಗೋಣ” ಎಂಬಂತಹ ಚಿಕ್ಕ ಮಾತುಗಳು ಸಾಕು.

೩. ಮಾತನಾಡಲಾಗದಿದ್ದರೆ ಮಾಡಬಹುದಾದ ಕೆಲಸವನ್ನು ತೋರಿಸಿರಿ. ನಗುವವರ ಜೊತೆ ನಗದಿರುವುದು, ಒಂಟಿಯಾದವನ ಪಕ್ಕದಲ್ಲಿ ಊಟಕ್ಕೆ ಕುಳಿತುಕೊಳ್ಳುವುದು, ಆಮೇಲೆ ಅವನ ಕೋಣೆಗೆ ಹೋಗಿ ವಿಚಾರಿಸುವುದು. ದೂರವಾಣಿಯ ವಾಟ್ಸಾಪ್ ಗುಂಪಿನಲ್ಲಿ ಸಹಪಾಠಿಯನ್ನು ಅಣಕಿಸುವ ಚಿತ್ರ ಬಂದಾಗ ಅದನ್ನು ಮುಂದಕ್ಕೆ ಕಳುಹಿಸದಿರುವುದು. ಇವೆಲ್ಲ ಚಿಕ್ಕವು, ಆದರೆ ಪೀಡೆಗೊಳಗಾದವನಿಗೆ ಚಿಕ್ಕವಲ್ಲ.

೪. ಚಾಡಿಗೂ ದೂರಿಗೂ ಇರುವ ಭೇದವನ್ನು ತಿಳಿಸಿರಿ. ಒಬ್ಬನನ್ನು ಶಿಕ್ಷೆಗೆ ಸಿಕ್ಕಿಸಲೆಂದು ಹೇಳುವುದು ಚಾಡಿ. ಒಬ್ಬನನ್ನು ಕಷ್ಟದಿಂದ ಬಿಡಿಸಲೆಂದು ಹೇಳುವುದು ಧರ್ಮ. ಎರಡನೆಯದನ್ನು ಕೇಳಿದ ಹಿರಿಯರು ಆ ಮಗುವಿನ ಹೆಸರನ್ನು ಬಯಲು ಮಾಡಬಾರದು. ಕಾಲೇಜುಗಳಲ್ಲಿ ಪೀಡನೆಯ ದೂರಿಗೆ ೧೮೦೦-೧೮೦-೫೫೨೨, ಮಕ್ಕಳ ಸಹಾಯಕ್ಕೆ ೧೦೯೮ ಎಂಬ ದೂರವಾಣಿ ಸಂಖ್ಯೆಗಳಿವೆ. ಮಕ್ಕಳ ಪುಸ್ತಕದಲ್ಲಿ ಬರೆದುಕೊಡಿರಿ.

ಮನೆಯೇ ಮೊದಲ ಸಭೆ

ಮೇಲಿನ ಕ್ರಮಗಳೆಲ್ಲವೂ ಮನೆಯಲ್ಲಿ ಮಕ್ಕಳು ಕಾಣುವ ನಡತೆಯ ಮುಂದೆ ಎರಡನೆಯವು. ಸಮಾರಾಧನೆಯ ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಾಗ ಅಲ್ಲಿಲ್ಲದವರ ಮನೆಯ ವಿಷಯವನ್ನು ಎತ್ತಿ ನಗುವವರಿರುತ್ತಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗ, ಮದುವೆ ಕೂಡಿಬರದ ಹುಡುಗಿ, ಮನೆಗೆಲಸದ ಹೆಂಗಸು, ಬಡಿಸಲು ಬಂದ ಬಡ ಸಹಾಯಕ ಅಲ್ಲಿ ಹಾಸ್ಯಕ್ಕೆ ಗುರಿಯಾಗುತ್ತಾರೆ. ಆಗ ನಾವು ಏನು ಮಾಡುತ್ತೇವೆ? ನಕ್ಕು ಸುಮ್ಮನಾಗುತ್ತೇವೆ. ಕಂಬದ ಪಕ್ಕದಲ್ಲಿ ಆಡುತ್ತಿರುವ ಮಗು ಅದನ್ನು ನೋಡುತ್ತಿರುತ್ತದೆ. ದೊಡ್ಡವರು ತಪ್ಪಾಗಿ ಮಾತನಾಡಿದರೆ ನಗಬೇಕೆಂಬ ಪಾಠ ಅದಕ್ಕೆ ಅಂದೇ ಆಗಿಹೋಗುತ್ತದೆ. ಅದರ ಬದಲು ಯಾರಾದರೂ ಒಬ್ಬರು, “ಹೋಗಲಿ ಬಿಡಿ, ಪಾಪ, ಅವರ ಕಷ್ಟ ಅವರಿಗೆ” ಎಂದು ಮಾತನ್ನು ತಿರುಗಿಸಿದರೆ, ಹತ್ತು ಪ್ರವಚನಗಳು ಮಾಡಲಾಗದ ಕೆಲಸವನ್ನು ಆ ಒಂದು ವಾಕ್ಯ ಮಾಡುತ್ತದೆ. ತನ್ನ ಮಗನ ವಿರುದ್ಧವೇ ನಿರ್ಣಯ ಹೇಳಿದ ತಂದೆಯ ಕಥೆಯನ್ನು ಹೇಳುವ ನಾವು, ನಮ್ಮ ಮಗನೇ ಪೀಡಿಸಿದವನೆಂದು ಶಾಲೆಯಿಂದ ಪತ್ರ ಬಂದಾಗ ಯಾರ ಪಕ್ಷವನ್ನು ವಹಿಸುತ್ತೇವೆಂಬುದನ್ನೂ ಯೋಚಿಸಬೇಕು. ಅಂದು ಸತ್ಯವೇ ವಿರೋಚನನ ಪ್ರಾಣವನ್ನು ಉಳಿಸಿತು.

ಮಕ್ಕಳೊಡನೆ ವಿಚಾರಿಸತಕ್ಕ ಪ್ರಶ್ನೆಗಳು

೧. ವಿಕರ್ಣನ ಮಾತನ್ನು ಮೆಚ್ಚಿದವರು ಮತ್ತೆ ಏಕೆ ಸುಮ್ಮನಾದರು?
೨. ಕಶ್ಯಪರು ಹಿರಿಯನಿಗೆ ಅರ್ಧ ಪಾಲನ್ನು ಏಕೆ ಇಟ್ಟರು?
೩. ಪ್ರಹ್ಲಾದನು ಜೊತೆಯವರನ್ನು ಗದರಿಸಿದ್ದರೆ ಅವರು ಅವನ ಮಾತನ್ನು ಕೇಳುತ್ತಿದ್ದರೇ?
೪. ನಿನ್ನ ತರಗತಿಯಲ್ಲಿ ಒಂಟಿಯಾಗಿ ಕುಳಿತುಕೊಳ್ಳುವವರು ಯಾರು? ನಾಳೆ ಅವರೊಡನೆ ಯಾವ ಮಾತನ್ನು ಆಡುವೆ?

ಏಕಾದಶಿಯ ರಾತ್ರಿಯಾಗಲಿ ರಜೆಯ ಸಂಜೆಯಾಗಲಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ಈ ಪ್ರಶ್ನೆಗಳನ್ನು ವಿಚಾರ ಮಾಡಬಹುದು. ನಾಲ್ಕನೆಯ ಪ್ರಶ್ನೆಗೆ ಮಗು ಒಂದು ಹೆಸರನ್ನು ಹೇಳಿದರೆ, ಮಾರನೆಯ ದಿನ ಸಂಜೆ ಮರೆಯದೆ ಆ ಹೆಸರಿನವನ ಕ್ಷೇಮವನ್ನು ಕೇಳಿರಿ. ಸರ್ವರ ಹೃದಯದಲ್ಲಿಯೂ ನೆಲೆಸಿರುವ ಶ್ರೀಹರಿಯು ನಮ್ಮ ಮಕ್ಕಳಿಗೆ ನುಡಿಯಬೇಕಾದಲ್ಲಿ ನುಡಿಯುವ ಬಲವನ್ನೂ, ನಮಗೆ ಅದನ್ನು ಕೇಳುವ ಸಹನೆಯನ್ನೂ ಕರುಣಿಸಲೆಂದು ಪ್ರಾರ್ಥಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥